ಗೌರಮ್ಮನ ಮೆಸ್ಸಿಗೆ ಬೀಗ ಹಾಕಲು ಹೋದದ್ದು

ನಿವೃತ್ತಿಗೆ ಇನ್ನೆರಡು ವರ್ಷ ಬಾಕಿ ಇದ್ದಾಗ ನನ್ನನ್ನು ಹಿನಕಲ್ ಕಡೆಗೆ ಹೆಲ್ತ್ ಇನ್‌ಸ್ಪೆಕ್ಟರ್ ಆಗಿ ಹಾಕಿದರು. ಹೆಸರಿನಲ್ಲಿ ಹೆಲ್ತ್ ಇದೆ ಎಂದು ನೆಂಟರೆಲ್ಲ ನನ್ನ ಹತ್ತಿರ ಬಿ.ಪಿ. ಮಾತ್ರೆ ಕೇಳುತ್ತಿದ್ದರು. ನಾನು ನೋಡಿಕೊಳ್ಳುತ್ತಿದ್ದದ್ದು ಕಸ, ಚರಂಡಿ ಮತ್ತು ಹೋಟೆಲುಗಳ ಲೈಸೆನ್ಸ್. ಹಿನಕಲ್ ಮೊದಲು ಹಳ್ಳಿಯಾಗಿತ್ತು. ಈಗ ನಗರವೇ ಬಂದು ಅದನ್ನು ಸುತ್ತಿಕೊಂಡಿದ್ದರೂ ಅಲ್ಲಿನ ಹಳಬರು ಇವತ್ತಿಗೂ ‘ಮೈಸೂರಿಗೆ ಹೋಗಿ ಬರ್ತೀನಿ’ ಎಂದೇ ಸಿಟಿ ಬಸ್ಸು ಹತ್ತುತ್ತಾರೆ.

ಆ ವರ್ಷ ಮೇಲಿನಿಂದ ಆದೇಶ ಬಂತು. ಹಸಿ ಕಸ, ಒಣ ಕಸ ಬೇರೆ ಮಾಡಿ ಕೊಡಬೇಕು, ಕೊಡದವರಿಗೆ ದಂಡ, ಹೋಟೆಲು ಮೆಸ್ಸುಗಳಾದರೆ ಮೂರನೆಯ ಸಲಕ್ಕೆ ಬೀಗ. ನಾನು ಬೀದಿ ಬೀದಿ ತಿರುಗಿ ಗಂಟಲು ಹರಿದುಕೊಂಡೆ. ಜನ ಗೊಣಗುತ್ತಲೇ ಒಗ್ಗಿಕೊಂಡರು. ಜಗ್ಗದೆ ನಿಂತವರು ಗೌರಮ್ಮ ಒಬ್ಬರೇ.

ಗೌರಮ್ಮ, ಅವರ ಯಜಮಾನರು ಸಿದ್ದಪ್ಪ ಇಬ್ಬರೂ ಸೇರಿ ಮನೆಯ ಮುಂಭಾಗದಲ್ಲಿ ಮೆಸ್ ನಡೆಸುತ್ತಿದ್ದರು. ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಮುದ್ದೆ, ಉಪ್ಸಾರು. ಫ್ಯಾಕ್ಟರಿ ಕೆಲಸಗಾರರೂ ನಮ್ಮ ಪೌರಕಾರ್ಮಿಕರೂ ಅವರ ಗಿರಾಕಿಗಳು. ನಾನು ಮೊದಲ ಸಲ ಹೋದಾಗ ಹಸಿರು, ನೀಲಿ ಎರಡೂ ಬಕೆಟ್ ಅಚ್ಚುಕಟ್ಟಾಗಿ ಇಟ್ಟಿದ್ದರು. ಪರವಾಗಿಲ್ಲವೇ ಎಂದುಕೊಳ್ಳುವಷ್ಟರಲ್ಲಿ ಒಂದನ್ನು ಎತ್ತಿ ಇನ್ನೊಂದಕ್ಕೆ ಸುರಿದು, ಕೋಲಿನಿಂದ ಚೆನ್ನಾಗಿ ತಿರುವಿದರು.

“ಏನ್ರೀ ಗೌರಮ್ಮ, ತಲೆ ಸರಿ ಇದೆಯೇನ್ರೀ?” ಎಂದೆ. ನನ್ನದು ಮೊದಲಿನಿಂದಲೂ ಮೂಗಿನ ತುದಿಯಲ್ಲೇ ಕೋಪ.

“ಸರಿಯಾಗೇ ಅದೆ ಮೇಡಂ. ನಾವು ಬ್ಯಾರೆ ಮಾಡಿ ಕೊಟ್ಟಿದ್ದನ್ನ ಗಾಡಿಯೋರು ಒಂದೇ ಗುಡ್ಡೆಗೆ ಸುರೀತಾರೆ. ಅವ್ರಿಗ್ಯಾಕೆ ತೊಂದ್ರೆ ಅಂತ ನಾನೇ ಬೆರೆಸ್ಬುಟ್ಟೆ ಕಣ್ರೀ.”

ಗಾಡಿ ಗುತ್ತಿಗೆದಾರನದು. ಅದರೊಳಗೆ ಎರಡು ಭಾಗ ಇದೆ ಎಂದು ಆತ ನಮ್ಮ ಕಚೇರಿಯಲ್ಲಿ ಆಣೆ ಮಾಡುವುದೊಂದು ಬಾಕಿ. “ಗಾಡಿ ವಿಷಯ ನಾವು ನೋಡ್ಕೋತೀವಿ, ನಿಮ್ಮ ಕೆಲಸ ನೀವು ಮಾಡಿ” ಎಂದು ದಂಡ ಹಾಕಿ ಬಂದೆ. ಎರಡನೆಯ ಸಲವೂ ಅದೇ ಬಕೆಟ್, ಅದೇ ಕೋಲು, ಅದೇ ನಗು. ಮೂರನೆಯ ಸಲ ಆದ ಮೇಲೆ ನಮ್ಮ ಹೆಲ್ತ್ ಆಫೀಸರ್ ಡಾಕ್ಟರ್ ಸಾಹೇಬರು ಹದಿನೈದು ದಿನ ಬೀಗ ಹಾಕಲು ಆದೇಶ ಹೊರಡಿಸಿದರು. ಅಷ್ಟು ದಿನ ಬಾಗಿಲು ಮುಚ್ಚಿದರೆ ಊಟದ ಗಿರಾಕಿ ಬೇರೆ ಕಡೆ ಒಗ್ಗಿಹೋಗುತ್ತಾನೆ, ತಿರುಗಿ ಬರುವುದಿಲ್ಲ. ಆ ಸಂಸಾರಕ್ಕೆ ಇದ್ದ ಆಧಾರವೇ ಅದೊಂದು ಮೆಸ್. ನನಗೆ ಸಂಕಟವಾಯಿತು, ಆದರೂ ಹೊರಟೆ.

ನಾನೂ ಕಚೇರಿಯ ಇಬ್ಬರು ನೌಕರರೂ ಹೋದದ್ದು ತಿಂಡಿ ಹೊತ್ತಿಗೆ. ಗೌರಮ್ಮ ಒಲೆ ಆರಿಸಿ, ತಿನ್ನುತ್ತಿದ್ದವರನ್ನೆಲ್ಲ ತಟ್ಟೆ ಸಮೇತ ಬೀದಿಗೆ ಕಳಿಸಿದರು. ಅರ್ಧ ಜನ ನಮ್ಮ ಪೌರಕಾರ್ಮಿಕರೇ. ಚಿತ್ರಾನ್ನ ಅಗಿಯುತ್ತ ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು. ಸೀಲ್ ಮಾಡುವುದೆಂದರೆ ಬೀಗಕ್ಕೆ ಬಟ್ಟೆ ಸುತ್ತಿ, ಅದರ ಮೇಲೆ ಅರಗು ಕರಗಿಸಿ ಮುದ್ರೆ ಒತ್ತುವುದು. ಬೀಗ, ಬಟ್ಟೆ, ಅರಗು, ಮುದ್ರೆ ಎಲ್ಲ ತಂದಿದ್ದೆವು. ಬೆಂಕಿಪೊಟ್ಟಣ ಮಾತ್ರ ಯಾರೂ ತಂದಿರಲಿಲ್ಲ.

ಗೌರಮ್ಮ ಒಳಗೆ ಹೋಗಿ ತಮ್ಮದೇ ಬೆಂಕಿಪೊಟ್ಟಣ ತಂದು ನನ್ನ ಕೈಗಿಟ್ಟರು. “ಹಾಕ್ಕೊಳಿ ಮೇಡಂ. ನೀವು ಸರ್ಕಾರದೋರು, ಬೀಗ ಹಾಕೋ ಅಧಿಕಾರ ನಿಮ್ಗದೆ. ನಾನು ಅಡ್ಡ ನಿಲ್ಲಲ್ಲ, ಯಾರ ಕೈಲೂ ಫೋನ್ ಮಾಡ್ಸಲ್ಲ. ಆದ್ರೆ ಆ ಗಾಡೀಲಿ ಬ್ಯಾರೆ ಆಗೋ ತನಕ ನಾನು ಬ್ಯಾರೆ ಮಾಡಿ ಕೊಡಲ್ಲ.”

ಅಷ್ಟು ವರ್ಷದ ನೌಕರಿಯಲ್ಲಿ ತಪ್ಪಿಸಿಕೊಂಡವರನ್ನು, ಕಾಲು ಹಿಡಿದವರನ್ನು, ಎಂಎಲ್‌ಎ ಹೆಸರು ಹೇಳಿದವರನ್ನು ಬೇಕಾದಷ್ಟು ನೋಡಿದ್ದೆ. ಆದೇಶ ಒಪ್ಪುವುದಿಲ್ಲ, ಶಿಕ್ಷೆ ಒಪ್ಪುತ್ತೇನೆ ಎಂದವರನ್ನು ನೋಡಿರಲಿಲ್ಲ. ಬೆಂಕಿಪೊಟ್ಟಣ ತಿರುಗಿ ಅವರ ಕೈಗೇ ಇಟ್ಟೆ. ಡಾಕ್ಟರ್ ಸಾಹೇಬರಿಗೆ ಫೋನ್ ಹಚ್ಚಿದೆ. “ಸಾರ್, ನೀವು ಒಂದು ಸಲ ಬಂದು ಆ ಕಸದ ಗಾಡಿ ನೋಡೋ ತನಕ ನಾನು ಬೀಗ ಹಾಕಲ್ಲ. ನನ್ನ ಮೇಲೆ ಏನು ಕ್ರಮ ಬೇಕಾದರೂ ತಗೊಳ್ಳಿ.”

ಅವರು ಉರಿಯುತ್ತಲೇ ಬಂದರು. ಜೀಪಿನಿಂದ ಇಳಿದು ನನಗೆ ಬಯ್ಯಲು ಬಾಯಿ ತೆರೆಯುವುದಕ್ಕೂ ಕಸದ ಗಾಡಿ ಬರುವುದಕ್ಕೂ ಸರಿಹೋಯಿತು. ಹಸಿ ಕಸ ಬೇರೆ ಕೊಡಿ, ಒಣ ಕಸ ಬೇರೆ ಕೊಡಿ ಎಂದು ಗಾಡಿಯ ಸ್ಪೀಕರು ಇಂಪಾಗಿ ಹಾಡುತ್ತಿತ್ತು. ಎದುರು ಮನೆಯ ಹೆಂಗಸು ಭಯಭಕ್ತಿಯಿಂದ ಎರಡು ಬಕೆಟ್ ಕೊಟ್ಟಳು. ಗಾಡಿಯವನು ಹಾಡಿಗೆ ತಲೆದೂಗುತ್ತಾ ಎರಡನ್ನೂ ಒಂದೇ ಗುಡ್ಡೆಗೆ ಸುರಿದ. ಒಳಗೆ ಭಾಗವೂ ಇಲ್ಲ, ಮಣ್ಣೂ ಇಲ್ಲ. ತಟ್ಟೆ ಹಿಡಿದು ನಿಂತವರೆಲ್ಲ ಗೊಳ್ಳೆಂದು ನಕ್ಕರು.

ಡಾಕ್ಟರ್ ಸಾಹೇಬರ ಮುಖ ಕೆಂಪಾಯಿತು. “ಮೊದಲು ಆ ಹಾಡು ನಿಲ್ಸಯ್ಯಾ” ಎಂದರು. ಆಮೇಲೆ ನನ್ನ ಕಡೆ ತಿರುಗಿ, “ಬೀಗ ಬ್ಯಾಗಿಗೆ ಹಾಕಿ. ಈ ಗಾಡಿ ಯಾರ್ಡಿಗೆ ಹೋಗಲಿ” ಎಂದರು. ಗುತ್ತಿಗೆದಾರನ ಗಾಡಿಗಳೆಲ್ಲಕ್ಕೂ ನಡುವೆ ತಗಡು ಹೊಡೆಸಿದ ಮೇಲೆಯೇ ಅವು ಬೀದಿಗೆ ಇಳಿದವು. ಅವತ್ತು ಸಾಹೇಬರೂ ಅಲ್ಲೇ ನಿಂತು ಚಿತ್ರಾನ್ನ ತಿಂದರು, ಎರಡನೆಯ ಸಲವೂ ಹಾಕಿಸಿಕೊಂಡರು.

ತಗಡು ಬಡಿದ ಗಾಡಿ ಬಂದ ಮೊದಲ ದಿನ ಗೌರಮ್ಮ ಅದರೊಳಗೆ ಇಣುಕಿ ನೋಡಿ, ಎರಡು ಬಕೆಟ್ ಬೇರೆ ಬೇರೆಯಾಗಿ ಕೊಟ್ಟರು. ಅವರು ಇನ್ನೂ ಕಟ್ಟಬೇಕಿದ್ದ ಹಳೆಯ ದಂಡ ಮನ್ನಾ ಮಾಡೋಣ ಎಂದು ಸಾಹೇಬರು ಹೇಳಿ ಕಳಿಸಿದ್ದರು. ಆ ಖುಷಿಯ ಸುದ್ದಿ ತಿಳಿಸಿದರೆ ಗೌರಮ್ಮ ಹುಬ್ಬು ಗಂಟಿಕ್ಕಿದರು.

“ಗಾಡಿಯೋರ್ಗೂ ದಂಡ ಹಾಕಿದ್ರಾ?”

“ಹಾಕಿದೀವಿ ಗೌರಮ್ಮ. ಕಟ್ಟಿದಾರೆ.”

“ಹಂಗಾದ್ರೆ ನಂದ್ಯಾಕೆ ಬುಡ್ತೀರಾ? ನಾನೂ ಮಾತು ಕೇಳ್ಲಿಲ್ಲ ತಾನೆ? ರಸೀತಿ ಬರೀರಿ” ಎಂದು ಸೆರಗಿನ ಗಂಟು ಬಿಚ್ಚಿದರು.

ಅಧಿಕಾರ ಮುದ್ರೆಯಲ್ಲಿ ಇರುತ್ತದೆ ಎಂದು ನಾನು ನಂಬಿಕೊಂಡು ಬಂದಿದ್ದೆ. ಮುದ್ರೆ ಬೀಗ ಹಾಕುತ್ತದೆ, ಅಷ್ಟೇ. ನಾವು ಹೇಳಿದ್ದನ್ನು ನಾವೇ ಮೊದಲು ಪಾಲಿಸಿದರೆ ಜನ ಮಾತು ಕೇಳುತ್ತಾರೆ, ಬಿಟ್ಟ ದಂಡವನ್ನೂ ಕರೆದು ಕಟ್ಟುತ್ತಾರೆ. ಆ ರಸೀತಿ ಬರೆಯುವಾಗ ನನ್ನ ನೌಕರಿಯ ಬಗ್ಗೆ ನನಗೆ ನಿಜಕ್ಕೂ ಹೆಮ್ಮೆಯಾಯಿತು.