ದೋಣಿ ತಟ್ಟಿ ನೋಡುವ ಗ್ಲೆನಿಸ್

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಮುಲ್ವಾಲಾ ಕೆರೆಯ ನಡುವೆ ನಿಂತ ಒಣಮರಗಳ ಮೇಲೆ ಕಾಕಟೂ ಗಿಳಿಗಳ ಜಗಳ ಆಗಲೇ ಶುರುವಾಗಿದೆ. ದಡದ ಬೀದಿಯ ಒಂದು ಮನೆಯಂಗಳದಲ್ಲಿ ಟ್ರೇಲರ್ ಮೇಲೆ ಕೂತ ಕೆಂಪು ದೋಣಿಯ ಹತ್ತಿರ ಅರವತ್ತೆರಡು ವರ್ಷದ ಗ್ಲೆನಿಸ್ ಟ್ರೆಲೋರ್ ಬಂದು ನಿಲ್ಲುತ್ತಾರೆ. ಮನೆಯ ಯಜಮಾನ, ನಿವೃತ್ತ ಪ್ಲಂಬರ್ ಕ್ಲೈವ್ ಹೊಸ್ಕಿಂಗ್, ಚಹಾದ ಮಗ್ಗು ಹಿಡಿದುಕೊಂಡು ಗುಡ್ ಮಾರ್ನಿಂಗ್ ಹೇಳುತ್ತಾರೆ. ಗ್ಲೆನಿಸ್ ಉತ್ತರ ಕೊಡುವುದಿಲ್ಲ. ಎಂಜಿನ್ನಿನ ಮುಚ್ಚಳ ತೆಗೆದು, ಒಳಗಿನ ಲೋಹದ ಮೇಲೆ ಅಂಗೈ ಊರಿ, ಹತ್ತರವರೆಗೆ ಎಣಿಸುತ್ತಾರೆ.

"ತಣ್ಣಗಿದೆ" ಎನ್ನುತ್ತಾರೆ ಆಮೇಲೆ. "ಈಗ ಗುಡ್ ಮಾರ್ನಿಂಗ್ ಕ್ಲೈವ್."

ಬೆಚ್ಚಗಿದ್ದಿದ್ದರೆ ಮಾತೇ ಇಲ್ಲ, ಬ್ಯಾಗ್ ಎತ್ತಿಕೊಂಡು ಮನೆಗೆ. ಈ ಸೀಮೆಯಲ್ಲಿ ದೋಣಿ ಮಾರುವವರಿಗೆಲ್ಲ ಈ ಕಟ್ಟಳೆ ಗೊತ್ತು. ಮೊದಲೇ ಕಾಯಿಸಿಟ್ಟ ಎಂಜಿನ್ ಒಂದೇ ಏಟಿಗೆ ಚಾಲೂ ಆಗುತ್ತದೆ, ಅದರ ಕೆಮ್ಮು ದಮ್ಮು ಎಲ್ಲ ಮುಚ್ಚಿಹೋಗುತ್ತದೆ. ಅದಕ್ಕೇ ಗ್ಲೆನಿಸ್ ಇಷ್ಟು ಬೇಗ ಬರುವುದು. ಒಬ್ಬ ಮಹಾಶಯ ನಸುಕಿಗೇ ಎದ್ದು ಎಂಜಿನ್ ಓಡಿಸಿ, ಆಮೇಲೆ ಬಿಯರ್ ತಂಪು ಮಾಡುವ ಐಸನ್ನೆಲ್ಲ ಅದರ ಮೇಲೆ ಸುರಿದು ಕಾದಿದ್ದನಂತೆ. "ಬೆಳಗಿನ ಗಾಳಿಗಿಂತ ತಣ್ಣಗಿರೋ ಎಂಜಿನ್ನು ನಾನು ಜನ್ಮದಲ್ಲಿ ನೋಡಿರ್ಲಿಲ್ಲ. ಚೆನ್ನಾಗಿ ನಿದ್ದೆ ಮಾಡಪ್ಪಾ ಅಂತ ಹೇಳಿ ಬಂದೆ" ಎಂದು ಗ್ಲೆನಿಸ್ ನಗುತ್ತಾರೆ.

ಕೆರೆಯ ಮೇಲೆ ಶರವೇಗದಲ್ಲಿ ಓಡುವ ಹಳೇ ದೋಣಿಗಳನ್ನು ಕೊಳ್ಳುವವರ ಪರವಾಗಿ ಪರೀಕ್ಷೆ ಮಾಡುವುದು ಗ್ಲೆನಿಸ್ ಅವರ ಕೆಲಸ. ಇಪ್ಪತ್ತೇಳು ವರ್ಷಗಳಿಂದ ಇದೇ ಕಾಯಕ. ವಾರಕ್ಕೆ ಎರಡು ಮೂರು ದೋಣಿ, ಈಸ್ಟರ್ ರಜೆ ಹತ್ತಿರ ಬಂದರೆ ದಿನಕ್ಕೇ ಎರಡು. ಒಟ್ಟು ನಾಲ್ಕು ಸಾವಿರದ ಹತ್ತಿರ ಬಂದಿದೆ. ಹತ್ತರಲ್ಲಿ ನಾಲ್ಕಕ್ಕೆ "ಬೇಡ" ಅನ್ನುತ್ತಾರೆ. ಹೂಂ ಅಂದರೂ ಬೇಡ ಅಂದರೂ ಕೂಲಿ ಒಂದೇ, ಅದೂ ಕೊಳ್ಳುವವರಿಂದ ಮಾತ್ರ. ಮಾರುವವರ ಮನೆಯ ಚಹಾ ಕೂಡ ಕುಡಿಯುವುದಿಲ್ಲ, ತಮ್ಮದೇ ಫ್ಲಾಸ್ಕ್ ತರುತ್ತಾರೆ. ಶನಿವಾರ ಭಾನುವಾರ ಈ ನೀರಿನ ಮೇಲೆ ದೋಣಿಗೆ ಕಟ್ಟಿದ ಹಗ್ಗ ಹಿಡಿದು ಕೇಕೆ ಹಾಕುತ್ತ ಸ್ಕೀ ಮಾಡುವ ನೂರಾರು ಜನರಿಗೆ, ತಾವು ಸುರಕ್ಷಿತವಾಗಿ ದಡ ಸೇರುತ್ತಿರುವುದಕ್ಕೆ ಯಾರ ಮಂಡಿ ಸವೆದಿದೆ ಎನ್ನುವುದು ಗೊತ್ತೇ ಇಲ್ಲ. ಗೊತ್ತಾಗಬೇಕೆಂದು ಗ್ಲೆನಿಸ್ ಕೇಳಿದವರೂ ಅಲ್ಲ.

ಇವತ್ತಿನ ಕೊಳ್ಳುವವರು ರೊವೇನಾ ಪಿಕೆಟ್. ಹಾಲಿನ ಪುಡಿ ಕಾರ್ಖಾನೆಯಲ್ಲಿ ರಾತ್ರಿ ಪಾಳಿ ಮುಗಿಸಿ, ಕೂದಲಿಗೆ ಕಟ್ಟಿದ ಬಲೆಯನ್ನೂ ಬಿಚ್ಚದೆ ನೇರ ಬಂದಿದ್ದಾರೆ. ಇಬ್ಬರು ಹೆಣ್ಣುಮಕ್ಕಳು, ಇಬ್ಬರಿಗೂ ಸ್ಕೀ ಹುಚ್ಚು. ಈಸ್ಟರ್‌ಗೆ ಇನ್ನು ಎರಡೇ ವಾರ. ದೋಣಿ ತಂದೇ ತರುತ್ತೇನೆಂದು ಮಕ್ಕಳಿಗೆ ಮಾತು ಕೊಟ್ಟಾಗಿದೆ.

ಎಲ್ಲರನ್ನೂ ಕೇಳುವ ಪ್ರಶ್ನೆಗಳನ್ನೇ ಗ್ಲೆನಿಸ್ ರೊವೇನಾ ಅವರನ್ನೂ ಕೇಳುತ್ತಾರೆ. "ಯಾರ್ಯಾರು ಕೂರ್ತೀರಿ? ಎಲ್ಲಿ ಓಡಿಸ್ತೀರಿ? ಎಷ್ಟು ಜೋರು?"

"ನಾನು, ನನ್ನಿಬ್ರು ಮಕ್ಕಳು. ಇದೇ ಕೆರೆ. ಜೋರು ಅಂದ್ರೆ... ದೊಡ್ಡವಳಿಗೆ ಎಷ್ಟು ಜೋರಿದ್ರೂ ಸಾಲಲ್ಲ."

"ಕೆರೆ ಎಷ್ಟಗಲ ಇದೆ ನೋಡ್ಕೊಂಡು ದೋಣಿ ತಗೋಬೇಕು ಕಣಮ್ಮ. ಇಲ್ಲಿ ನೀರೊಳಗೆಲ್ಲ ಮರದ ಬೊಡ್ಡೆ. ಗಂಟೆಗೆ ನೂರಿಪ್ಪತ್ತು ಕಿಲೋಮೀಟರ್ ಓಡೋ ದೋಣಿ ತಗೊಂಡು ನಲವತ್ತರಲ್ಲಿ ಸುತ್ತೋದಾದ್ರೆ ಆ ಎಂಜಿನ್ನಿಗೂ ಬೇಜಾರು, ನಿನಗೂ ಬೇಜಾರು. ಇರ್ಲಿ, ಇದು ಅಳತೆಗೆ ಸರಿಯಾಗಿದೆ. ಬಣ್ಣ ನೋಡಿ ಮರುಳಾಗ್ಬೇಡ ಅಷ್ಟೇ."

"ಬಣ್ಣ ನೋಡಿ ಆಗ್ಲೇ ಮರುಳಾಗಿಬಿಟ್ಟಿದೀನಲ್ಲ!" ಎನ್ನುತ್ತಾರೆ ರೊವೇನಾ. ತಪ್ಪೇನೂ ಇಲ್ಲ. ಮಿಂಚಿನ ಪುಡಿ ಬೆರೆಸಿದ ಆ ಕೆಂಪು ಬಣ್ಣ ಮೊದಲ ಬಿಸಿಲಿಗೆ ಹೊಳೆಯುತ್ತಿದ್ದರೆ ಯಾರಿಗಾದರೂ ಆಸೆಯಾಗುತ್ತದೆ.

ದೋಣಿಯ ಹಿಂಬದಿಯ ಬಲಮೂಲೆಯಲ್ಲಿ ಕೆತ್ತಿದ ಸಂಖ್ಯೆಯನ್ನು ಗ್ಲೆನಿಸ್ ಬೆರಳಿನಿಂದ ಉಜ್ಜಿ ಓದುತ್ತಾರೆ. ಕನ್ನಡಕ ಒರೆಸಿಕೊಂಡು ಇನ್ನೊಮ್ಮೆ ಓದುತ್ತಾರೆ. ಮೂವತ್ತು ವರ್ಷದ ಹಿಂದಿನದು, ಆ ವರ್ಷದ ನಲವತ್ಮೂರನೆಯ ದೋಣಿ. ಕ್ಲೈವ್ ಇದೇ ಗಳಿಗೆಗೆ ಕಾದಿದ್ದವರಂತೆ ಮುಂದೆ ಬರುತ್ತಾರೆ. "ನೋಡಿದ್ಯಾ? ನಿಮ್ಮ ಕಾರ್ಖಾನೇದೇ. ನೀನೇ ಕೈಯಾರೆ ಕಟ್ಟಿದ್ದು. ಇನ್ನೇನು ತಟ್ಟಿ ನೋಡ್ತೀಯ ತಾಯಿ, ಸಹಿ ಹಾಕಿ ಮುಗಿಸು!" ರೊವೇನಾ ಮುಖ ಅರಳುತ್ತದೆ. "ಹೌದಾ? ಇದನ್ನ ನೀವೇ ಕಟ್ಟಿದ್ದಾ? ಹಾಗಾದ್ರೆ ನನಗೆ ಯೋಚನೇನೇ ಇಲ್ಲ."

ಯೋಚನೆ ಹತ್ತಿಕೊಂಡಿರುವುದು ಗ್ಲೆನಿಸ್ ಅವರಿಗೆ.

ಹತ್ತೊಂಬತ್ತನೇ ವಯಸ್ಸಿನಿಂದ ಹದಿನಾರು ವರ್ಷ ಅವರು ದುಡಿದದ್ದು ಕೆರೆಯಾಚೆಯ ದೋಣಿ ಕಾರ್ಖಾನೆಯಲ್ಲಿ. ಗಾಜಿನ ನಾರಿನ ಹಾಸುಗಳಿಗೆ ಅಂಟುದ್ರವ ಬಳಿದು, ಪದರದ ಮೇಲೆ ಪದರ ಕೂರಿಸುವ ಕೆಲಸ. ಆ ಘಾಟಿಗೆ ಮೂಗು ಕೆಟ್ಟುಹೋಯಿತು. ಇವತ್ತಿಗೂ ಟೋಸ್ಟ್ ಸೀದರೆ ಹೊಗೆ ಕಂಡ ಮೇಲೇ ತಿಳಿಯುತ್ತದೆ, ಹಾಲು ಒಡೆದದ್ದು ಚಹಾಕ್ಕೆ ಸುರಿದ ಮೇಲೆ. "ಮೂಗು ಹೋದ್ಮೇಲೆ ಕಿವಿ ಚುರುಕಾಯ್ತು" ಎನ್ನುತ್ತಾರೆ, ಲಾಭವೇ ಆಯಿತೆಂಬ ಧಾಟಿಯಲ್ಲಿ. ಕಾರ್ಖಾನೆ ಮುಚ್ಚಿದಾಗ ಅವರಿಗೆ ಮೂವತ್ತೈದು. ಒಳಗಿನಿಂದ ದೋಣಿ ಬಲ್ಲವರು ಊರಲ್ಲಿ ಬೇರೆ ಯಾರಿದ್ದರು? ಹಳೆಯ ಸ್ಕ್ರೂಡ್ರೈವರ್ ಒಂದನ್ನು ಹಿಡಿದು ಹೊರಟರು. ಮೊದಲ ಎರಡು ವರ್ಷ ಯಾವ ಮನೆಗೆ ಹೋದರೂ ಒಂದೇ ಮಾತು: "ನಿನ್ನ ಗಂಡ ಯಾವಾಗ ಬರ್ತಾನಮ್ಮ?" ಮದುವೆಯೇ ಆಗದ ಗ್ಲೆನಿಸ್ ಅದಕ್ಕೊಂದು ಉತ್ತರ ಇಟ್ಟುಕೊಂಡಿದ್ದರು. "ಅವನು ಬರೋದು ಅನುಮಾನ. ಅಲ್ಲೀವರೆಗೆ ನಾನು ಶುರು ಮಾಡ್ಲಾ?"

ಇಷ್ಟು ವರ್ಷಗಳಲ್ಲಿ ಒಂದು ಭಯ ಮಾತ್ರ ಅವರನ್ನು ಬಿಟ್ಟಿರಲಿಲ್ಲ. ಮೂವತ್ತು ವರ್ಷದ ಹಿಂದೆ ಒಂದು ಶುಕ್ರವಾರ, ಮೆಲ್ಬರ್ನಿನ ದೋಣಿ ಪ್ರದರ್ಶನಕ್ಕೆ ಆರು ದೋಣಿ ಹೊರಡಬೇಕಿತ್ತು, ನಲವತ್ತೊಂದರಿಂದ ನಲವತ್ತಾರರವರೆಗೆ. ವೇಗ ತೋರಿಸುವ ಪುಟ್ಟ ಕೊಳವೆಯನ್ನು ದೋಣಿಯ ಹಿಂಗೋಡೆಗೆ, ಅಂದರೆ ಎಂಜಿನ್ ತೂಗುಹಾಕುವ ಹಿಂದಿನ ಗೋಡೆಗೆ, ನೀರಿನ ಮಟ್ಟಕ್ಕಿಂತ ಕೆಳಗೆ ಎರಡು ಸ್ಕ್ರೂಗಳಿಂದ ಬಿಗಿಯಬೇಕು. ಸ್ಕ್ರೂ ಹಾಕುವ ಮುಂಚೆ ತೂತಿಗೆ ಮೇಣದಂಥ ಅಂಟು ತುಂಬಬೇಕು. ಇಲ್ಲದಿದ್ದರೆ ನೀರು ಗೋಡೆಯೊಳಗಿನ ಪ್ಲೈವುಡ್ಡಿಗೆ ಇಳಿದು ಅದನ್ನು ಕೊಳೆಸುತ್ತದೆ. ಅವತ್ತು ಅಂಟಿನ ಡಬ್ಬಿ ಖಾಲಿ, ಲಾರಿ ಬಾಗಿಲಲ್ಲಿ ಹಾರ್ನ್ ಹೊಡೆಯುತ್ತಿದೆ. ಗ್ಲೆನಿಸ್ ಆರೂ ದೋಣಿಗಳಿಗೆ ಒಣ ಸ್ಕ್ರೂ ಬಿಗಿದರು. "ಸೋಮವಾರ ವಾಪಸ್ ಬಂದಾಗ ಸರಿ ಮಾಡೋಣ ಅಂದ್ಕೊಂಡೆ. ಪ್ರದರ್ಶನದಲ್ಲೇ ಆರೂ ಮಾರಾಟ ಆಗ್ಹೋದ್ವು. ಆ ಸೋಮವಾರ ಬರ್ಲೇ ಇಲ್ಲ." ಯಾರಿಗೂ ಹೇಳಲಿಲ್ಲ. ಬಣ್ಣವೇ ನೀರು ತಡೆದೀತು ಎಂದು ಸಮಾಧಾನ ಮಾಡಿಕೊಂಡರು. ಆ ಕಾರ್ಖಾನೆಯ ದೋಣಿ ಎಲ್ಲಿ ಕಂಡರೂ ಮೊದಲು ನಂಬರ್ ನೋಡುತ್ತಿದ್ದರು. ಆ ಆರರಲ್ಲಿ ಒಂದೂ ಇವತ್ತಿನವರೆಗೆ ಎದುರಿಗೆ ಬಂದಿರಲಿಲ್ಲ.

ಹಳೇ ಲೈಫ್ ಜಾಕೆಟ್ ಕತ್ತರಿಸಿ ಮಾಡಿಕೊಂಡ ಮಂಡಿಮೆತ್ತೆ ಕಟ್ಟಿಕೊಂಡು ಗ್ಲೆನಿಸ್ ದೋಣಿಯ ಹಿಂದೆ ಮಂಡಿಯೂರಿ ಕೂರುತ್ತಾರೆ. ಹಳದಿ ಹಿಡಿಯ ಅದೇ ಸ್ಕ್ರೂಡ್ರೈವರನ್ನು ತಿರುಗಿಸಿ ಹಿಡಿದು, ಹಿಡಿಯಿಂದ ಹಿಂಗೋಡೆಯನ್ನು ತಟ್ಟುತ್ತ ಹೋಗುತ್ತಾರೆ. ಒಂದು ಹಿಂಗೋಡೆಗೆ ಇನ್ನೂರು ಪೆಟ್ಟು, ಬೆರಳಗಲ ಬಿಟ್ಟು ಬೆರಳಗಲ. ಮಾರುಕಟ್ಟೆಯಲ್ಲಿ ಕಲ್ಲಂಗಡಿ ತಟ್ಟಿ ಕಿವಿಗೊಡುವ ಹಾಗೆಯೇ. ಮೇಲಿನ ಸಾಲುಗಳೆಲ್ಲ ಟಕ್ ಟಕ್ ಎಂದು ಗಟ್ಟಿಯಾಗಿ ನುಡಿಯುತ್ತವೆ. ಕ್ಲೈವ್ ಒಂದೊಂದು ಟಕ್ಕಿಗೂ ತಲೆದೂಗುತ್ತಾರೆ. ಕೆಳಗಿನ ಸಾಲಿಗೆ, ಆ ಎರಡು ಸ್ಕ್ರೂಗಳ ಹತ್ತಿರಕ್ಕೆ ಬಂದಾಗ ದನಿ ಬದಲಾಗುತ್ತದೆ. ದಬ್. ಪಕ್ಕದಲ್ಲಿ, ದಬ್. ಇನ್ನೊಂದು ಗೇಣು ಆಚೆಗೂ ಅದೇ ಮಂಕು ದನಿ.

ಸ್ಕ್ರೂ ಬಿಚ್ಚಲು ಅವರು ಕ್ಲೈವ್ ಒಪ್ಪಿಗೆ ಕೇಳುತ್ತಾರೆ. ಸ್ಕ್ರೂ ಸಲೀಸಾಗಿ ಹೊರಬರುತ್ತದೆ, ಹಿಂದೆಯೇ ಚಹಾದ ಬಣ್ಣದ ನೀರು ನಾಲ್ಕು ಹನಿ. ಸ್ಕ್ರೂವಿನ ಸುತ್ತ ಎಲ್ಲೂ ಅಂಟಿನ ಗುರುತಿಲ್ಲ. ಗ್ಲೆನಿಸ್ ಎಂಜಿನ್ನಿನ ಕೆಳಕ್ಕೆ ಚಾಚಿದ ಕಾಲಿನ ಮೇಲೆ ತಮ್ಮ ಭಾರವನ್ನೆಲ್ಲ ಹಾಕಿ ಒತ್ತುತ್ತಾರೆ. ಕಲ್ಲಿನಂತಿರಬೇಕಾದ ಹಿಂಗೋಡೆ ಕೂದಲೆಳೆಯಷ್ಟು ಅಲುಗುತ್ತದೆ.

ಇಲ್ಲಿ ಸುಮ್ಮನೆ "ಬೇಡ" ಎಂದಿದ್ದರೆ ಸಾಕಿತ್ತು. ಹಳೇ ದೋಣಿ, ಕೊಳೆತಿದೆ, ಎಷ್ಟೋ ದೋಣಿಗಳ ಹಣೆಬರಹ ಅದೇ. ಯಾರೂ ಏನೂ ಕೇಳುತ್ತಿರಲಿಲ್ಲ. ಈ ಕೆಲಸದಲ್ಲಿ ಇರುವ ಆಸ್ತಿ ಒಂದೇ, ಗ್ಲೆನಿಸ್ ಮಾತೆಂದರೆ ಮಾತು ಎನ್ನುವ ನಂಬಿಕೆ. ಅದನ್ನು ತಾವೇ ಕೈಯಾರೆ ಯಾರು ಒಡೆದುಕೊಳ್ಳುತ್ತಾರೆ? ಗ್ಲೆನಿಸ್ ಎದ್ದು ನಿಂತು, ಒದ್ದೆ ಸ್ಕ್ರೂವನ್ನು ಅಂಗೈಯಲ್ಲಿಟ್ಟು ಇಬ್ಬರಿಗೂ ತೋರಿಸುತ್ತಾರೆ.

"ರೊವೇನಾ, ಈ ದೋಣಿ ತಗೋಬೇಡ. ಜೋರಾಗಿ ಓಡುವಾಗ ಎಂಜಿನ್ನು ಗೋಡೆ ಸಮೇತ ಕಿತ್ಕೊಂಡು ಬರುತ್ತೆ. ಕ್ಲೈವ್, ನಿಂದೇನೂ ತಪ್ಪಿಲ್ಲ. ಈ ಸ್ಕ್ರೂ ಹಾಕಿದ್ದು ನಾನು. ಅಂಟು ಇಲ್ದೇ ಹಾಕಿದೆ. ಗೊತ್ತಿದ್ದೂ ಹಾಕಿದೆ."

ಕ್ಲೈವ್ ಮುಖ ದೋಣಿಗಿಂತ ಕೆಂಪಾಗುತ್ತದೆ. "ಏನಂದೆ? ಮೂವತ್ತು ವರ್ಷ ಕಣೇ! ನನ್ನ ಹೆಂಡ್ತಿ ಕಾರು ಬಿಸಿಲಲ್ಲಿ ನಿಂತಿದೆ, ಇದು ಶೆಡ್ಡೊಳಗೆ ಕಂಬಳಿ ಹೊದ್ಕೊಂಡು ಮಲಗಿದೆ. ಊರೋರ ದೋಣಿಗೆಲ್ಲ ಹುಳುಕು ಹುಡುಕ್ತಾ ಓಡಾಡ್ತೀಯಲ್ಲ, ನಾಚಿಕೆ ಆಗಲ್ವಾ ನಿನಗೆ?"

"ಆಗುತ್ತೆ" ಎನ್ನುತ್ತಾರೆ ಗ್ಲೆನಿಸ್. "ಶೆಡ್ಡಲ್ಲಿ ಮಲಗಿದ್ದಕ್ಕೇ ಇಷ್ಟು ದಿನ ತಡ್ಕೊಂಡಿದೆ ಕ್ಲೈವ್. ನೀನು ಅದನ್ನ ಕಂಬಳಿ ಹೊದಿಸಿ ಸಾಕಿದ್ದಕ್ಕೆ ಅದರಲ್ಲಿ ಕೂತ ನಿನ್ನ ಮೊಮ್ಮಕ್ಕಳು ಬದುಕಿದಾರೆ."

ಕ್ಲೈವ್ ಆರಿದ ಚಹಾವನ್ನು ಹುಲ್ಲಿಗೆ ಚೆಲ್ಲಿ, ದೋಣಿಯ ಅಂಚಿಗೆ ಒರಗಿ ನಿಲ್ಲುತ್ತಾರೆ. ಗ್ಲೆನಿಸ್ ಮೆಲ್ಲಗೆ ಹೇಳುತ್ತಾರೆ: "ನನಗೆ ಬಿಡು. ಕೊಳೆತದ್ದನ್ನೆಲ್ಲ ಕಿತ್ತು ಹೊಸ ಗೋಡೆ ಕಟ್ಟಿಕೊಡ್ತೀನಿ. ನಿನ್ನಿಂದ ಒಂದು ಕಾಸೂ ಬೇಡ. ಒಂದು ತಿಂಗಳು ಬೇಕು."

ರೊವೇನಾ ಆ ಸ್ಕ್ರೂವನ್ನು ತೆಗೆದುಕೊಂಡು ತಿರುಗಿಸಿ ನೋಡುತ್ತಿದ್ದಾರೆ. "ನೀವು ಬಾಯಿ ಬಿಡದೇ ಇದ್ದಿದ್ರೆ ನನಗೆ ತಿಳೀತಾನೇ ಇರ್ಲಿಲ್ಲ" ಎನ್ನುತ್ತಾರೆ ಕೊನೆಗೆ. ಆಮೇಲೆ, "ಹೊಸ ಗೋಡೆಗೆ ಅಂಟು ಹಾಕ್ತೀರಾ?"

"ಎರಡು ಡಬ್ಬಿ ತಂದಿಟ್ಕೊಂಡು ಶುರು ಮಾಡ್ತೀನಿ."

"ಹಾಗಾದ್ರೆ ನಾನು ಕಾಯ್ತೀನಿ ಕ್ಲೈವ್. ಬೇರೆಯವರಿಗೆ ಮಾರ್ಬೇಡಿ. ಈಸ್ಟರ್ ಹೋದ್ರೆ ಹೋಗ್ಲಿ, ಮಕ್ಕಳ ಹತ್ರ ಎರಡು ದಿನ ಬೈಸ್ಕೊಂಡ್ರಾಯ್ತು."

"ಒಂದು ಮಾತು" ಎಂದು ಗ್ಲೆನಿಸ್ ಬೆರಳೆತ್ತುತ್ತಾರೆ. "ಕಟ್ಟಿದ ಮೇಲೆ ಅದನ್ನ ತಟ್ಟಿ ನೋಡೋದು ನಾನಲ್ಲ. ಎಕುಕಾ ಊರಿಂದ ಬೇರೆ ಯಾರನ್ನಾದ್ರೂ ಕರೆಸು ರೊವೇನಾ. ಎಂಜಿನ್ ತಣ್ಣಗಿದ್ಯಾ ಅಂತ ಅವರು ಮೊದಲು ಮುಟ್ಟಿ ನೋಡ್ಲಿಲ್ಲ ಅಂದ್ರೆ ವಾಪಸ್ ಕಳ್ಸು." ಕ್ಲೈವ್ ನಗಬಾರದೆಂದುಕೊಂಡಿದ್ದವರು ನಕ್ಕುಬಿಡುತ್ತಾರೆ. ಒಳಗೆ ಹೋಗಿ ಇನ್ನೊಂದು ಮಗ್ಗು ಚಹಾ ತಂದು ಗ್ಲೆನಿಸ್ ಮುಂದೆ ಹಿಡಿಯುತ್ತಾರೆ. ಇಪ್ಪತ್ತೇಳು ವರ್ಷಗಳಲ್ಲಿ ಮೊದಲ ಸಲ ಅವರು ಮಾರುವವರ ಮನೆಯ ಚಹಾ ಕುಡಿಯುತ್ತಾರೆ. ಪರೀಕ್ಷೆ ಮುಗಿದಿದೆ, ಇನ್ನೇನು.

ಒಂಬತ್ತಕ್ಕೆ ಇನ್ನೊಂದು ದೋಣಿ ಕಾಯುತ್ತಿದೆ. ಮಂಡಿಮೆತ್ತೆ ಬಿಚ್ಚಿ ವ್ಯಾನಿಗೆ ಎಸೆಯುವ ಗ್ಲೆನಿಸ್ ಅವರಿಗೆ, ಈ ಬರಹದ ಜೊತೆ ಪತ್ರಿಕೆಗೆ ಬೇಕಾದ ಫೋಟೋ ವಿಷಯ ನೆನಪಿಸಿದರೆ ತಲೆ ಅಲ್ಲಾಡಿಸುತ್ತಾರೆ. ಇಂಥ ಮನುಷ್ಯರ ಮುಖ ಪತ್ರಿಕೆಯಲ್ಲಿ ಬರಬೇಕು ಎಂದು ಎಷ್ಟು ಹೇಳಿದರೂ ಕೇಳುವುದಿಲ್ಲ.

"ಈ ಮುಖ ನೋಡಿ ಜನಕ್ಕೇನಾಗ್ಬೇಕು? ಎಲ್ಲ ದೋಣಿನೂ ಶೆಡ್ಡಲ್ಲಿ ಮಲಗಿರಲ್ಲ. ಉಳಿದ ಐದು ಎಲ್ಲಿವೆಯೋ, ಯಾರ ಮಕ್ಕಳು ಅದರಲ್ಲಿ ಕೂರ್ತಾರೋ. ಫೋಟೋ ಹಾಕೋ ಜಾಗದಲ್ಲಿ ಅವುಗಳ ನಂಬರ್ ಹಾಕಿ. ದೊಡ್ಡದಾಗಿ ಹಾಕಿ. ತಂದುಕೊಟ್ರೆ ಸಾಕು, ಕಟ್ಟಿಕೊಡೋದು ನನ್ನ ಕೆಲಸ."

ಆದ್ದರಿಂದ ಈ ಪುಟದಲ್ಲಿ ಗ್ಲೆನಿಸ್ ಟ್ರೆಲೋರ್ ಅವರ ಫೋಟೋ ಇಲ್ಲ. ಆ ಕಾರ್ಖಾನೆಯ ಮೂವತ್ತು ವರ್ಷ ಹಳೆಯ ದೋಣಿ ನಿಮ್ಮಲ್ಲಿದ್ದರೆ, ಹಿಂಬದಿಯ ಬಲಮೂಲೆಯನ್ನು ಬೆರಳಿನಿಂದ ಉಜ್ಜಿ ನೋಡಿ.

೪೧. ೪೨. ೪೪. ೪೫. ೪೬.