ನಾನು ಬಿಚ್ಚಿದ ಕರಿ ಪಟ್ಟಿ

ನನ್ನ ತಮ್ಮ ತುಂಬಿದ ಊಟದ ಪಂಕ್ತಿಯಲ್ಲಿ ನನ್ನನ್ನು ಅವಮಾನಿಸಿದ. ಅದರ ಸೇಡನ್ನು ನಾನು ತೀರಿಸಿಕೊಂಡದ್ದು ಐದನೆಯ ತರಗತಿಯಲ್ಲಿ ಓದುತ್ತಿದ್ದ ಅವನ ಮೊಮ್ಮಗಳ ಮೇಲೆ. ಆಕೆ ತನ್ನ ಕೈಯಾರೆ ನೇಯ್ದ ಕಥೆಯನ್ನು ಗುಟ್ಟಾಗಿ ಬಿಚ್ಚಿ ಹಾಕಿದೆ. ಆಮೇಲೆ ಇಡೀ ಶಾಲೆಯ ಎದುರಿಗೆ ಆಕೆಯನ್ನು ಸುಳ್ಳುಗಾತಿಯನ್ನಾಗಿ ಮಾಡಿದೆ. ಮೊದಲು ನನಗಾದದ್ದನ್ನು ಬರೆಯುತ್ತೇನೆ. ನೆಪಕ್ಕಾಗಿ ಅಲ್ಲ — ಆದರೆ ಆದದ್ದು ಆದದ್ದೇ, ಅದನ್ನು ಬಿಟ್ಟು ಬರೆಯಲು ನನ್ನಿಂದಾಗದು.

ನಾನು ಬೆಟಗೇರಿಯ ನೇಕಾರರ ಮನೆಯಲ್ಲಿ ಹುಟ್ಟಿದವನು. ಮುಂಡರಗಿ, ಶಿರಹಟ್ಟಿ ಕಡೆಯ ಶಾಲೆಗಳಲ್ಲಿ ಮಕ್ಕಳಿಗೆ ನೇಯ್ಗೆ ಕಲಿಸುವ ಕ್ರಾಫ್ಟ್ ಮಾಸ್ತರನಾಗಿದ್ದು ನಿವೃತ್ತನಾದೆ. ತಮ್ಮ ಈರಣ್ಣ, ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುವ ಅಪ್ಪನ ಕುಣಿಮಗ್ಗದಲ್ಲಿಯೇ ಉಳಿದ. ಬಹಳ ವರ್ಷಗಳ ಹಿಂದೆ ಲಕ್ಷ್ಮೇಶ್ವರದಲ್ಲಿ ಬಳಗದವರ ಮದುವೆ. ಇಬ್ಬರೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದೆವು. ಹೋಳಿಗೆ ಬಡಿಸಿ ಆಗಿತ್ತು, ತುಪ್ಪ ಬರುತ್ತಿತ್ತು. ಗಂಡಿನ ಕಡೆಯ ಹಿರಿಯರೊಬ್ಬರು ಮಾತಿಗೆಂದು ಕೇಳಿದರು: "ನಿಮ್ಮಣ್ಣಾರೂ ನೇಯತಾರೇನ್ರಿ?"

ಈರಣ್ಣ ಹೇಳಿದ: "ಅಂವಾ ನೇಯೂದಿಲ್ರೀಪಾ, ನೇಯೂದು ಕಲಸ್ತಾನ! ಮಗ್ಗದ ಮ್ಯಾಲ ಕೈ ಓಡಲಾರದವರಿಗೆ ಸರಕಾರ ಪಗಾರ ಕೊಟ್ಟು ಮಾಸ್ತರ ಮಾಡತೈತಿ."

ಪಂಕ್ತಿಗೆ ಪಂಕ್ತಿಯೇ ನಕ್ಕಿತು. ತುಪ್ಪ ಬಡಿಸುತ್ತಿದ್ದವನು ನಕ್ಕ ರಭಸಕ್ಕೆ ಸೌಟು ಅಲುಗಿ ನನ್ನ ಅಂಗಿಯ ತೋಳಿನ ಮೇಲೆ ತುಪ್ಪ ಚೆಲ್ಲಿತು. ನಾನು ಎಲೆ ಬಿಟ್ಟು ಎದ್ದೆ. "ಕುಂಡ್ರಿ ಮಾಸ್ತರ" ಎಂದು ಒಬ್ಬರೂ ಅನ್ನಲಿಲ್ಲ. ಯಾರು ಯಾರು ನಕ್ಕರು, ಯಾರು ಎಲ್ಲಿ ಕುಳಿತಿದ್ದರು ಎಂಬುದನ್ನು ಇವತ್ತಿಗೂ ಹೇಳಬಲ್ಲೆ. ಆ ಅಂಗಿಯನ್ನು ಮತ್ತೆ ಒಗೆಸಲಿಲ್ಲ, ತೊಡಲೂ ಇಲ್ಲ. ಮುಂದೆ ಅವನ ಮಗನ ಲಗ್ನಪತ್ರಿಕೆ ಬೇರೆ ಯಾರದೋ ಕೈಯಲ್ಲಿ ಬಂತು, ಒಂದು ಕಾಳು ಅಕ್ಷತೆಯೂ ಇಲ್ಲದೆ. ನಾನು ಹೋಗಲಿಲ್ಲ. ಹೀಗೆ ನಾನು ನೆಲೆಸಿದ ಗದಗಿಗೂ ಅವನಿದ್ದ ಬೆಟಗೇರಿಗೂ ನಡುವಿನ ಒಂದೆರಡು ಮೈಲಿ ದಾರಿಯನ್ನು ನಾವಿಬ್ಬರೂ ಮುದುಕರಾಗುವವರೆಗೆ ದಾಟಲಿಲ್ಲ.

ಎರಡು ವರ್ಷಗಳ ಹಿಂದೆ ಶಬಾನಾ ನನ್ನ ಗದಗಿನ ಮನೆಗೆ ಬಂದಳು. ಮುಂಡರಗಿಯಲ್ಲಿ ನನ್ನ ಕೈಕೆಳಗೆ ಕಲಿತ ಹುಡುಗಿ. ಈಗ ಬೆಟಗೇರಿಯ ಶಾಲೆಯೊಂದರಲ್ಲಿ ಶಿಕ್ಷಕಿ.

"ಸರ, ನಿಮ್ಮ ಮನಿ ಕತಿ ಬರೀರಿ ಅಂದ್ರ ಹುಡುಗೂರು ಪುಸ್ತಕದಾಗಿಂದು ಕಾಪಿ ಹೊಡೀತಾವ್ರಿ," ಎಂದಳು. "ನೂಲಿನಾಗ ಹೇಳ್ರಿ ಅಂದ್ರ ಎಲ್ಲಿಂದ ಕಾಪಿ ಹೊಡೀತಾವ? ಒಂದು ಸಣ್ಣ ಮಗ್ಗ ಹೂಡಿ ಕೊಡ್ರಿ."

ಹೂಡಿಕೊಟ್ಟೆ. ಎಲ್ಲರಿಗೂ ಒಂದೇ ಹಾಸು, ಅಂದರೆ ಮಗ್ಗದ ಉದ್ದಕ್ಕೆ ಬಿಗಿದ ಎಳೆಗಳು. ಪ್ರತಿ ಮಗುವೂ ಒಂದೊಂದು ಗೇಣು ನೇಯಬೇಕು. ತನ್ನ ಮನೆಯಲ್ಲಿ ನಡೆದ ಒಂದೊಂದು ಸಂಗತಿಗೆ ಒಂದೊಂದು ಬಣ್ಣದ ಪಟ್ಟಿ. ಎಲ್ಲರದೂ ಮುಗಿದ ಮೇಲೆ ಬಟ್ಟೆ ಕತ್ತರಿಸಿ, ತಂದೆತಾಯಿಗಳನ್ನು ಕರೆದು, ಪ್ರತಿಯೊಬ್ಬರೂ ತಮ್ಮ ಪಟ್ಟಿಯ ಮೇಲೆ ಬೆರಳಿಟ್ಟು ತಮ್ಮ ಕಥೆ ಹೇಳಬೇಕು. ಮಗ್ಗದಲ್ಲಿ ನೇಯ್ದಷ್ಟು ಬಟ್ಟೆ ಮುಂದಿನ ದಿಂಡಿಗೆ ಸುತ್ತಿಕೊಳ್ಳುತ್ತ ಹೋಗುತ್ತದೆ. ಕತ್ತರಿಸುವ ದಿನದವರೆಗೆ ಒಳಗಿನದು ಯಾರಿಗೂ ಕಾಣುವುದಿಲ್ಲ. ಇದನ್ನು ಓದುವವರು ನೆನಪಿಡಬೇಕು. ನಾನಂತೂ ನೆನಪಿಟ್ಟಿದ್ದೆ.

ಮಕ್ಕಳು ನನ್ನನ್ನು 'ಮಗ್ಗದ ಅಜ್ಜಾರು' ಎಂದು ಕರೆಯುತ್ತಿದ್ದರು. ಅಡರಕಟ್ಟಿಯಿಂದ ಬಂದು ಸೋದರಮಾವನ ಮನೆಯಲ್ಲಿದ್ದು ಓದುತ್ತಿದ್ದ ಮಹಾಂತೇಶ ಗೇಣಿಗೆ ಗೇಣೂ ಕೆಂಪು ನೇಯ್ದ. ಇದೇನಪ್ಪಾ ಎಂದರೆ, "ಮೆಣಸಿನಕಾಯಿ ಹೊಲಾರಿ ಅಜ್ಜಾರ. ನಾ ನಡುವ ನಿಂತು ಸೀನಾಕತ್ತೇನಿ. ಕತಿ ಮುಗೀತು!"

ಪವಿತ್ರಾ ಯಾರ ಮೊಮ್ಮಗಳು ಎಂಬುದು ಶಬಾನಾ ಮೊದಲ ದಿನ ಹಾಜರಿ ಕರೆದಾಗಲೇ ನನಗೆ ತಿಳಿದಿತ್ತು. ಆ ಅಡ್ಡಹೆಸರು ಬೆಟಗೇರಿಯಲ್ಲಿ ನಮ್ಮದೊಂದೇ ಮನೆಯದು. ಆಕೆಗೆ ನಾನು ಯಾರೆಂದು ತಿಳಿದಿರಲಿಲ್ಲ. ನಾನು ಹೇಳಲಿಲ್ಲ — ಯಾಕೆ ಹೇಳಬೇಕು? ಆ ಮನೆಯವರು ನನಗೆ ಏನು ಹೇಳಿ ಕಳಿಸಿದ್ದರು?

ಆಕೆಯ ಸರದಿ ಬಂದ ದಿನ ಪಕ್ಕದಲ್ಲಿ ಕುಳಿತು ಕೇಳಿದೆ, ಹಸಿರು ಯಾತರದು ಎಂದು. ಅಸುಂಡಿಯಲ್ಲಿ ತಾಯಿಯ ತವರಿನ ಹೊಲ. ಹಳದಿ? ತಮ್ಮ ಹುಟ್ಟಿದಾಗ ಓಣಿಗೆಲ್ಲ ಪೇಢೆ ಹಂಚಿದ್ದು. ಕೊನೆಗೆ ನಾಲ್ಕು ಬೆರಳಷ್ಟು ಕರಿ.

"ಕರಿ ಯಾಕವಾ?"

ಲಾಳಿ ದಾಟಿಸುತ್ತಲೇ ಹೇಳಿದಳು. "ನಮ್ಮಜ್ಜನ್ನ ಸಾಲಿ ಬಿಡಿಸಿದ್ದರಿ. ಅವಾಗ ಅವರೂ ನನ್ಹಂಗ ಐದನೇತ್ತ ಇದ್ರಂತ. ಅವರಿಗೆ ಒಬ್ಬ ಅಣ್ಣ ಇದ್ದನಂತ್ರಿ. ಅವನ್ನ ಓದಸಾಕ ಇವರನ್ನ ಮಗ್ಗದ ಕುಣ್ಯಾಗ ಕುಂದರಿಸಿದ್ರಂತ."

"ಆ ಅಣ್ಣ ಈಗ ಎಲ್ಲಿದಾನಂತ?"

"ಸತ್ತಿರಬೇಕ್ರಿ ಅಜ್ಜಾರ. ನಮ್ಮ ಮನ್ಯಾಗ ಯಾರೂ ಹೆಸರ ತಗಿಯೂದಿಲ್ಲ. ಕುಣೀನೂ ಮುಚ್ಚೇವ್ರಿ, ಅದರ ಮ್ಯಾಲ ಈಗ ಫ್ರಿಜ್ ಐತಿ."

ಸತ್ತಿರಬೇಕು. ಆ ಮಗು ಅದನ್ನು ಯಾವ ದ್ವೇಷವೂ ಇಲ್ಲದೆ ಹೇಳಿತು. ನಾನು ಕೇಳಿಸಿಕೊಂಡದ್ದು ಮಾತ್ರ ಈರಣ್ಣನ ದನಿಯಲ್ಲಿ, ಪಂಕ್ತಿಯ ನಗೆಯೊಂದಿಗೆ. ಇನ್ನು ಕೆಲವು ದಿನಗಳಲ್ಲಿ ಇದೇ ಮಾತು ಓಣಿಯ ಜನರೆಲ್ಲರ ಎದುರಿಗೆ ಬರುತ್ತದೆ. ಅಲ್ಲಿ ಹಳಬರು ಇರುತ್ತಾರೆ. ಅಣ್ಣ ಸತ್ತಿಲ್ಲ, ಇಗೋ ಇಲ್ಲೇ ಕುರ್ಚಿಯ ಮೇಲೆ ಕುಳಿತಿದ್ದಾನೆ ಎಂದು ಒಬ್ಬನಾದರೂ ಬೆರಳು ತೋರಿಸುತ್ತಾನೆ —

ಸಂಜೆ ಮಕ್ಕಳು ಹೋದರು. ನಾನು ಮಗ್ಗದ ಮುಂದೆ ಕುಳಿತೆ. ನಾಳೆ ಇನ್ನೊಂದು ಮಗು ಮುಂದಿನ ಗೇಣು ಹಿಡಿದರೆ ಆ ಕರಿಯನ್ನು ಮುಟ್ಟಲು ಬರುವುದಿಲ್ಲ. ಅಡ್ಡ ನೂಲಿನ ಕೊನೆಯ ಹೊಕ್ಕಿನಿಂದ ಹಿಡಿದು ಒಂದೊಂದೇ ಎಳೆ ಹಿಂದಕ್ಕೆ ಎಳೆಯತೊಡಗಿದೆ. ಅರ್ಧ ಬಿಚ್ಚಿರಬೇಕು, ಬಾಗಿಲಲ್ಲಿ ಚಪ್ಪಲಿಯ ಸದ್ದಾಯಿತು. ಮಡಿಲಲ್ಲಿದ್ದ ಕರಿ ನೂಲಿನ ಮೇಲೆ ಟವೆಲ್ ಎಳೆದುಕೊಂಡೆ.

"ಇನ್ನೂ ಹೋಗಿಲ್ರೀ ಸರ?" ಶಬಾನಾ.

"ಒಂದು ಎಳಿ ಕಡದಿತ್ತವಾ, ಜೋಡಸಾಕತ್ತೀನಿ."

"ಪಾಪ, ನಮ್ಮ ಹುಡುಗೂರ ಸಲುವಾಗಿ ನಿಮಗ ಎಷ್ಟು ತ್ರಾಸು," ಎಂದು ಹೋದಳು.

ಬಿಚ್ಚಿದ ಜಾಗದಲ್ಲಿ ಹಳದಿಯನ್ನೇ ಮುಂದುವರಿಸಿ ನೇಯ್ದೆ. ಆಕೆಯ ಎಳೆಗೈಯ ನೇಯ್ಗೆಯಲ್ಲಿ ಅಂಚು ಒಮ್ಮೆ ಒಳಗೆ ಸರಿದು ಒಮ್ಮೆ ಹೊರಗೆ ಬರುತ್ತಿತ್ತು. ನಾನೂ ಹಾಗೆಯೇ ಮಾಡಿದೆ. ಒಂದು ಕಡೆ ಸಡಿಲ ಬಿಡುತ್ತಿದ್ದಳು, ನಾನೂ ಬಿಟ್ಟೆ. ಎಲ್ಲಿ ಆಕೆಯ ಕೈ ಮುಗಿದು ನನ್ನ ಕೈ ಶುರುವಾಯಿತು ಎಂಬುದು ನನಗೇ ಗುರುತು ಸಿಗಲಿಲ್ಲ. ಮಗ್ಗದ ಮೇಲೆ ಕೈ ಓಡದವನು! ಈರಣ್ಣ ಇದನ್ನು ನೋಡಬೇಕಿತ್ತು — ಆ ಹೊತ್ತಿನಲ್ಲಿ ನನಗೆ ಅನ್ನಿಸಿದ್ದು ಇಷ್ಟೇ. ನಾಚಿಕೆ ಬಂದಿತ್ತು ಎಂದು ಬರೆದರೆ ಸುಳ್ಳಾಗುತ್ತದೆ. ಖುಷಿಯಾಗಿತ್ತು. ನನ್ನ ಜೀವಮಾನದಲ್ಲಿ ಅಷ್ಟು ಚೊಕ್ಕವಾಗಿ ನಾನು ನೇಯ್ದದ್ದು ಅದೊಂದೇ.

ಮರುದಿನ ಮತ್ತೊಂದು ಮಗು ನೇಯಲು ಕುಳಿತಿತು. ಅದಕ್ಕೂ ಮೊದಲೇ ಪವಿತ್ರಾಳ ಗೇಣನ್ನು ನಾನು ದಿಂಡಿನೊಳಕ್ಕೆ ಸುತ್ತಿದ್ದೆ.

ಬಟ್ಟೆ ಕತ್ತರಿಸಿದ ದಿನ ಶಾಲೆಯ ಅಂಗಳದಲ್ಲಿ ಮೇಜುಗಳನ್ನು ಸಾಲಾಗಿ ಜೋಡಿಸಿ ಅದರ ಮೇಲೆ ಹಾಸಿದ್ದರು. ಜನ ತುಂಬಿತ್ತು. ಈರಣ್ಣ ಬಂದಿರಲಿಲ್ಲ. ಅವನ ಸೊಸೆ — ಪವಿತ್ರಾಳ ತಾಯಿ, ನನ್ನನ್ನು ಕಂಡೇ ಇರದವಳು — ಶಬಾನಾಳಿಗೆ ಹೇಳುತ್ತಿದ್ದಳು: "ಮಾವಾರು ಸಾಲಿ ಮೆಟ್ಟಲ ಹತ್ತೂದಿಲ್ರಿ. ಈಕಿ ಎಷ್ಟು ಕರದ್ಲು, ಬರಲಿಲ್ಲ. ನೀ ಹೇಳಿ ಬಾ, ಮನಿಗೆ ಬಂದು ನನಗೂ ಹೇಳು ಅಂದ್ರು."

ಮಹಾಂತೇಶ ಮೆಣಸಿನಕಾಯಿ ಹೊಲದಲ್ಲಿ ಸೀನಿ ಎಲ್ಲರನ್ನೂ ನಗಿಸಿದ. ಪವಿತ್ರಾ ಬಂದಳು. ಹಸಿರಿನ ಮೇಲೆ ಬೆರಳಿಟ್ಟು ಅಸುಂಡಿ ಹೇಳಿದಳು. ಹಳದಿಯ ಮೇಲೆ ಬೆರಳಿಟ್ಟು ಪೇಢೆ ಹೇಳಿದಳು. ಬೆರಳು ಮುಂದೆ ಸರಿಯಿತು — ಇನ್ನೂ ಹಳದಿ. ಇನ್ನೂ ಸರಿಯಿತು. ಪಕ್ಕದವನ ನೀಲಿ ಬಂತು. ಬಟ್ಟೆಯನ್ನು ಮಗುಚಿ ಕೆಳಗಡೆ ನೋಡಿದಳು.

"ಟೀಚರ್, ನನ್ನ ಕರಿ ಇಲ್ರಿ."

"ಹಾಕೀದ್ಯೇನವಾ ನೀ?"

"ಹಾಕೇನ್ರಿ! ಅಜ್ಜಾರ ಮುಂದನ ಹಾಕೇನಿ." ನನ್ನ ಕಡೆ ತಿರುಗಿದಳು. "ಅಜ್ಜಾರ, ನೀವ ಹೇಳ್ರಿ."

ಎಲ್ಲ ಮುಖಗಳೂ ನನ್ನ ಕಡೆಗೆ ತಿರುಗಿದವು. ನಾನು ಕುರ್ಚಿಯಿಂದ ಎದ್ದು ನಿಂತೆ.

"ಇಲ್ಲವಾ," ಎಂದೆ. "ಕರಿ ನೂಲು ನೀ ಹಾಕಿರಲಿಲ್ಲ. ಮರತಿರಬೇಕು."

"ಏ ಸುಳ್ಳ್‌ಬುರ್ಕಿ!" ಮಹಾಂತೇಶ ಕೂಗಿದ. "ಕತಿ ಬಾಯಿಪಾಠ ಆಗಿಲ್ಲ, ಅದಕ್ಕ ನೂಲು ಇಲ್ಲಂತಾಳ!"

ಮಕ್ಕಳು ನಕ್ಕವು, ದೊಡ್ಡವರೂ ನಕ್ಕರು. ಆ ನಗೆ ನನಗೆ ಹೊಸದಾಗಿರಲಿಲ್ಲ. ಪವಿತ್ರಾ ಅಳಲಿಲ್ಲ. ನನ್ನ ಮುಖವನ್ನೇ ನೋಡುತ್ತ ನಿಂತಳು — ತಾನೇ ತಪ್ಪಿದೆನೋ ಎಂದು ಹುಡುಕುವವಳ ಹಾಗೆ. ತಾಯಿ ಬಂದು ರಟ್ಟೆ ಹಿಡಿದು, "ಬಾ, ಮಂದ್ಯಾಗ ಮಾನ ಕಳೀಬ್ಯಾಡ," ಎಂದು ಎಳೆದುಕೊಂಡು ಹೋದಳು. ಆ ದಿನ ಮನೆಗೆ ಹೋಗಿ ಆಕೆ ಅಜ್ಜನಿಗೆ ಏನು ಹೇಳಿದಳೋ, ಅಥವಾ —

ಇನ್ನೊಂದನ್ನು ಬರೆಯಬೇಕು. ಇಲ್ಲಿಯವರೆಗೆ ಅದನ್ನು ತಪ್ಪಿಸಿಕೊಂಡು ಬಂದಿದ್ದೇನೆ.

ಆ ಮಗು ಹೇಳಿದ್ದರಲ್ಲಿ ನಾನು ಸತ್ತ ಸುದ್ದಿಯೊಂದನ್ನು ಬಿಟ್ಟರೆ ಎಲ್ಲವೂ ಖರೆ. ಅಪ್ಪ ಈರಣ್ಣನ ಪಾಟಿಯನ್ನು ಕಸಿದುಕೊಂಡ ದಿನ ನಾನು ಅದೇ ಪಡಸಾಲೆಯಲ್ಲಿದ್ದೆ. ಪೆನ್ಸಿಲ್ ಚೂಪು ಮಾಡುತ್ತಿದ್ದೆ. "ಇಬ್ಬರನ್ನ ಓದಸಾಕ ನನ್ನ ಕಡೆ ಆಗೂದಿಲ್ಲ, ದೊಡ್ಡಾಂವ ಓದಲಿ," ಎಂದ ಅಪ್ಪ. ಓದಿನಲ್ಲಿ ಜಾಣನಾಗಿದ್ದವನು ಈರಣ್ಣ. ಅದು ಅಪ್ಪನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಅವನು ಅಪ್ಪನ ಜೊತೆ ವಾದಿಸಲಿಲ್ಲ. ನನ್ನ ಕಡೆ ತಿರುಗಿದ.

"ಅಣ್ಣಾ, ನೀ ಒಂದ್ ಮಾತ ಹೇಳೋ."

ನಾನು ಪೆನ್ಸಿಲ್ ಚೂಪು ಮಾಡುತ್ತಲೇ ಇದ್ದೆ. ಹೇಳಿದ್ದರೆ ಅಪ್ಪ ಕೇಳುತ್ತಿದ್ದನೋ ಇಲ್ಲವೋ — ಇರಲಿ. ಕ್ರಾಫ್ಟ್ ತರಬೇತಿಗೆ ಹೋದಾಗ ನನ್ನ ಊಟ, ವಸತಿ ಎಲ್ಲ ನಡೆದದ್ದು ಈರಣ್ಣ ನೇಯ್ದ ಸೀರೆಗಳಿಂದ. ಬಳಗದಲ್ಲಿ ಯಾರು ಯಾವ ಮದುವೆಯಲ್ಲಿ ನನಗೆ ಹಿಂದಿನ ಸಾಲಿನಲ್ಲಿ ಎಲೆ ಹಾಕಿದರು ಎಂಬುದನ್ನು ಮರೆಯದ ನಾನು ಈ ಒಂದು ಮಧ್ಯಾಹ್ನವನ್ನು ಹೇಗೆ ಮರೆತಿದ್ದೆ? ಮರೆತಿರಲಿಲ್ಲ. ಮರೆತಿದ್ದರೆ ಆ ಕರಿಯನ್ನು ಬಿಚ್ಚುತ್ತಿರಲಿಲ್ಲ.

ಹೋದ ವಾರ ಶಬಾನಾಳ ಫೋನ್ ಬಂತು. ಈ ಸಲ ಮಕ್ಕಳು ಚಿಂದಿ ಬಟ್ಟೆಯಿಂದ ಬೊಂಬೆ ಮಾಡಿ ತಮ್ಮ ಕಥೆಗಳನ್ನು ಆಡಿಸುತ್ತಾರಂತೆ, ನನ್ನನ್ನು ಕರೆದಳು. ಮಾತಿನ ನಡುವೆ ಪವಿತ್ರಾಳ ಹೆಸರು ಬಂತು. "ಆಕಿ ಈಗ ಏಳನೇತ್ತರಿ ಸರ. ಲೆಕ್ಕ ಛಲೋ ಮಾಡತಾಳ, ಓಡೂದ್ರಾಗ ಮುಂದ. ಕತಿ ಹೇಳೂದಂದ್ರ ಅಷ್ಟ ಹಿಂದ ಸರೀತಾಳ. ಹೋದ ವರ್ಷನೂ ಹಂಗ. 'ನನ್ನ ಕಡೆ ಯಾವ ಕತೀನೂ ಇಲ್ರಿ ಟೀಚರ್, ನಾ ಬರೇ ಪರದೆ ಹಿಡೀತೀನಿ' ಅಂತಾಳ."

ಮುಂದಿನ ವರ್ಷ ಆಕೆ ಆ ಶಾಲೆಯಲ್ಲಿ ಇರುವುದಿಲ್ಲ. ಸುಳ್ಳುಬುರುಕಿ ಎಂದು ಕೂಗಿದ ಮಕ್ಕಳೂ ಒಂದೊಂದು ಹೈಸ್ಕೂಲಿಗೆ ಚದುರಿ ಹೋಗುತ್ತಾರೆ. ಆಮೇಲೆ ನಾನು ಯಾರ ಎದುರಿಗೆ ನಿಂತು ಹೇಳಿದರೂ ಅದು ಆಕೆಯ ಎದುರಿಗೆ ಹೇಳಿದಂತಾಗುವುದಿಲ್ಲ.

ಬಿಚ್ಚಿದ ಕರಿ ನೂಲನ್ನು ಎಸೆಯಬೇಕೆಂದು ಮನೆಗೆ ತಂದಿದ್ದೆ, ಎಸೆಯಲಿಲ್ಲ. ಟ್ರಂಕಿನಲ್ಲಿದ್ದ ಆ ತುಪ್ಪದ ಕಲೆಯ ಅಂಗಿಯ ಜೇಬಿನಲ್ಲಿ ಇಟ್ಟಿದ್ದೆ. ಫೋನ್ ಬಂದ ದಿನ ತೆಗೆದು ನೋಡಿದೆ. ಒಮ್ಮೆ ನೇಯ್ದ ನೂಲು ಬಿಚ್ಚಿದ ಮೇಲೆ ನೇರವಾಗುವುದಿಲ್ಲ, ಹಾಸಿನ ಮೇಲೆ ಕೆಳಗೆ ಹಾದುಹೋದ ಸುಕ್ಕು ಅದರಲ್ಲಿ ಉಳಿಯುತ್ತದೆ. ಇದನ್ನು ನಾನೇ ಎಷ್ಟೋ ತರಗತಿಗಳಲ್ಲಿ ಕಲಿಸಿದ್ದೆ. ಬೆರಳುಗಳ ನಡುವೆ ಹಿಡಿದು ಎಳೆದೆ. ಬಿಟ್ಟೊಡನೆ ಮತ್ತೆ ಸುಕ್ಕಾಯಿತು.

ನಿನ್ನೆ ಶಬಾನಾಳಿಗೆ ಎಲ್ಲವನ್ನೂ ಹೇಳಿದೆ. "ಸೋಮವಾರ ಪ್ರಾರ್ಥನಾಕ್ಕ ಬರ್ರಿ," ಎಂದಳು. "ನನಗ ಹೇಳಿ ಏನ ಉಪಯೋಗ? ಎಲ್ಲಾರ ಮುಂದ ಆಕಿಗೆ ಹೇಳ್ರಿ." ಪ್ರತಿ ಮಾತಿಗೂ ನನ್ನನ್ನು 'ಸರ' ಎನ್ನುತ್ತಿದ್ದವಳು ಈ ಸಲ ಒಮ್ಮೆಯೂ ಅನ್ನಲಿಲ್ಲ. ಅದನ್ನೂ ನಾನು ಗಮನಿಸಿದೆ. ಆದರೆ ಇದನ್ನು ಅವಮಾನಗಳ ಸಾಲಿಗೆ ಸೇರಿಸುವ ಹಕ್ಕು ನನಗಿಲ್ಲ.

ಹೋಗುತ್ತೇನೆ. ಕರಿ ನೂಲನ್ನು ತೆಗೆದುಕೊಂಡು ಹೋಗುತ್ತೇನೆ. ಯಾರೂ ಕೇಳುವ ಮೊದಲೇ ಹೇಳುತ್ತೇನೆ. ಆದರೆ ಒಮ್ಮೆ ಅದೇ ಅಂಗಳದಲ್ಲಿ ನಿಂತು ಸುಳ್ಳು ಹೇಳಿದವನ ಮಾತನ್ನು ಆಕೆ ಯಾಕೆ ನಂಬಬೇಕು? ತನ್ನ ಕಥೆ ಖರೆ ಎಂದು ಆಕೆಗೆ ಹೇಳಬಲ್ಲವನು ಇನ್ನೊಬ್ಬನಿದ್ದಾನೆ.

ಈರಣ್ಣಾ, ಇದು ನಿನಗೆ. ಪಂಕ್ತಿಯಲ್ಲಿ ನೀನು ಆಡಿದ ಮಾತನ್ನು ನಾನು ಮರೆತಿಲ್ಲ, ಮನ್ನಿಸಿಯೂ ಇಲ್ಲ. ಅದನ್ನು ನಾವಿಬ್ಬರೂ ಬೇರೆ ಕುಳಿತು ಮಾತಾಡೋಣ. ಪಡಸಾಲೆಯಲ್ಲಿ ನೀನು ಕೇಳಿದಾಗ ನಾನು ಬಾಯಿ ತೆರೆಯಲಿಲ್ಲ. ಅಂಗಳದಲ್ಲಿ ನಿನ್ನ ಮೊಮ್ಮಗಳು ಕೇಳಿದಾಗ ತೆರೆದೆ, ತೆರೆದು ಆಕೆಯ ಬಾಯಿ ಮುಚ್ಚಿಸಿದೆ. ನೀನೋ — ಅಣ್ಣ ಅನ್ನುವವನೊಬ್ಬ ಇದ್ದಾನೆ, ಗದಗಿನಲ್ಲಿ ಉಸಿರಾಡುತ್ತಿದ್ದಾನೆ ಎಂಬ ಒಂದು ಮಾತನ್ನು ಇಷ್ಟು ವರ್ಷ ಆ ಮನೆಯಲ್ಲಿ ಆಡಲಿಲ್ಲ. ಅರ್ಧ ಕಥೆ ನೀನು ನುಂಗಿದೆ, ಉಳಿದರ್ಧ ನಾನು ಬಿಚ್ಚಿದೆ. ನಡುವೆ ನಿಂತು ನಗೆಗೀಡಾದವಳು ಆ ಹುಡುಗಿ.

ಸೋಮವಾರ ನಾ ಬರತೀನಿ. ಆ ಸಾಲಿ ಮೆಟ್ಟಲ ಹತ್ತಿ, ಆಕಿ ಪಕ್ಕದಾಗ ನಿಲ್ಲಾಕ ನೀ ಬರತೀಯೇನಲೇ?