ನಾಲ್ಕು ಆಳಗಳ ನೀರು

ಮಸ್ಕಿ ದಾಟುವಷ್ಟರಲ್ಲೇ ಪೆಟ್ಟಿಗೆಯ ಐಸ್ ಕರಗಿತ್ತು. ಒಳಗಿದ್ದವು ಕಾರವಾರದಾಚೆ ಸಮುದ್ರದ ನಾಲ್ಕು ಆಳಗಳಿಂದ ತೆಗೆದ ನೀರಿನ ಬಾಟಲಿಗಳು. ಆ ನೀರಿನಲ್ಲಿ ಕಣ್ಣಿಗೆ ಕಾಣದ ನೀಲಿಹಸಿರು ಪಾಚಿಯಿದೆ. ಬಿಸಿಲು ತಾಗುವ ಮೇಲಿನ ನೀರಿನ ತಳಿ ಬೇರೆ, ಕತ್ತಲಿನ ತಳಿ ಬೇರೆ. ಯಾವುದು ಎಲ್ಲಿ ಎಷ್ಟಿದೆಯೆಂದು ಹೈದರಾಬಾದಿನ ಲ್ಯಾಬಿನಲ್ಲಿ ಡಿಎನ್‌ಎ ನೋಡಿ ಅಳೆಯಬೇಕಿತ್ತು.

ಸಿಂಧನೂರು ಬಸ್ ನಿಲ್ದಾಣದ ಸೋಡಾ ಅಂಗಡಿಯ ಖಾಜಾಸಾಬರಿಗೆ ಐಸ್ ತುಂಬಲು ಹೇಳಿ ಚಹಾಕ್ಕೆ ಹೋದೆ. ಬರುವಷ್ಟರಲ್ಲಿ ಎರಡು ಬಾಟಲಿಗಳನ್ನು ತೊಳೆದು ಬೋರಲು ಹಾಕಿದ್ದರು.

“ಎಲ್ಲಾ ಅರ್ಧರ್ಧ ಇದ್ದವ್ರೀ ಅಕ್ಕಾರ. ಕೂಡಿಸಿ ಎರಡು ಮಾಡೀನಿ. ಈಗ ಐಸ್ ಭಾಳ ಹಿಡೀತದ.”

“ಅಯ್ಯೋ, ಮೇಲಿನ ನೀರೇ ಬೇರೆ, ಆಳದ ನೀರೇ ಬೇರೆ ಕಣ್ರೀ!”

“ಒಂದೇ ಸಮುದ್ರದ್ದಲ್ಲೇನ್ರೀ? ಅಲ್ಲೂ ನಮ್ಮ ಕಾಲುವಿ ಹಂಗ ಮೇಲಿನ ಹೊಲದವರು, ಕೆಳಗಿನ ಹೊಲದವರು ಅಂತ ಅದಾರೇನು?”

ಆ ನೀರಿಗಾಗಿ ದೋಣಿಯಲ್ಲಿ ಕರುಳು ಕಿತ್ತು ಬರುವಂತೆ ವಾಂತಿ ಮಾಡಿಕೊಂಡಿದ್ದೆ. ಬೈಯೋಣವೆಂದರೆ ಅವರ ಮುಖದ ತುಂಬ ಉಪಕಾರ ಮಾಡಿದ ಹಿಗ್ಗು. ಬಸ್ಸಿನ ಹಾರ್ನ್ ಕೇಳಿ, ಪೆಟ್ಟಿಗೆಗೆ ಗೋಣಿತಟ್ಟು ಸುತ್ತಿ ತಾವೇ ಹೊತ್ತು ತಂದು ನನ್ನ ಸೀಟಿನ ಕೆಳಗಿಟ್ಟರು.

“ಹೈದರಾಬಾದ್ ಮುಟ್ಟೋತನಕ ಏನೂ ಕೆಡಂಗಿಲ್ಲ, ಬಿಡ್ರೀ.”